ಶರ್ಯತ್ತಿನ ಕುದುರೆಯ ನಾಡಿ ಹಿಡಿದು ನೋಡುವವರು ಯಾರು? ಪಶುಸಂಗೋಪನೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನೆ ಸಚಿವರೇ,

ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯವನು. ಟಾಂಗಾ ಹೊಡೆದು ನಮ್ಮನ್ನೆಲ್ಲ ಸಾಕಿದ ಅಪ್ಪನ ಮಗ. ನಮ್ಮ ಕಡೆ ಎಷ್ಟೋ ಜಾತ್ರೆಗಳಲ್ಲಿ ಕುದುರೆಗಾಡಿ ಶರ್ಯತ್ತು ನಡೆಯುತ್ತದೆ. ಚಿಕ್ಕವನಿದ್ದಾಗ ಅಂಥದೊಂದು ಶರ್ಯತ್ತಿನಲ್ಲಿ ಎರಡನೇ ಬಹುಮಾನ ಗೆದ್ದ ಕುದುರೆ ಅದೇ ಸಂಜೆ ಬೇವಿನ ಮರದಡಿ ಬಿದ್ದು ಸತ್ತದ್ದನ್ನು ಕಣ್ಣಾರೆ ಕಂಡೆ. ಮೈಮೇಲೆ ಎರಚಿದ ಗುಲಾಲು ಇನ್ನೂ ಹಾಗೇ ಇತ್ತು. ಬಕೆಟ್ಟಿನಲ್ಲಿ ನೀರಿಟ್ಟಾಗ ಅದು ಮೂಸಿ ನೋಡಿ ಮುಖ ತಿರುಗಿಸಿತ್ತು. "ನೀರಡಿಕಿ ಇಲ್ಲ ಬಿಡ್ರಿ, ಗಟ್ಟಿ ಐತಿ" ಎಂದಿದ್ದರು ದೊಡ್ಡವರು.

ಆ ಮಾತು ಎಷ್ಟು ತಪ್ಪಾಗಿತ್ತೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ಎಂಡ್ಯೂರೆನ್ಸ್ ಎನ್ನುವ ದೂರದ ಸವಾರಿಯ ಬಗ್ಗೆ ಓದುವಾಗ. ಕುದುರೆಯ ಬೆವರಿನಲ್ಲಿ ಉಪ್ಪು ನಮ್ಮ ಬೆವರಿಗಿಂತ ಬಹಳ ಹೆಚ್ಚು. ನೀರಿನ ಜೊತೆ ಉಪ್ಪೂ ಹರಿದುಹೋಗುವುದರಿಂದ ಬಾಯಾರಿಕೆಯ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಒಳಗೊಳಗೇ ಒಣಗುತ್ತಿರುವ ಕುದುರೆ ನೀರು ಬೇಡ ಎನ್ನುತ್ತದೆ. ನಾವು ಅದನ್ನೇ ಗಟ್ಟಿತನ ಅಂದುಕೊಂಡೆವು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೆವಿಸ್ ಕಪ್ ಎಂಬ ಸವಾರಿ 1955ರಲ್ಲಿ ಶುರುವಾಯಿತು. ಬೆಟ್ಟದ ದಾರಿಯಲ್ಲಿ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್, 24 ಗಂಟೆಯೊಳಗೆ. ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣೆ. ಇಂಥ ಸವಾರಿಗಳಲ್ಲಿ ವೈದ್ಯರು ಮೊದಲು ನಾಡಿ ಎಣಿಸುತ್ತಾರೆ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 30ರಿಂದ 40. ಓಡಿ ಬಂದದ್ದು ಸಾಮಾನ್ಯವಾಗಿ ಕಾಲು ಗಂಟೆಯೊಳಗೆ 64ಕ್ಕೆ ಇಳಿಯಬೇಕು. ಇಳಿಯದಿದ್ದರೆ ಸವಾರಿ ಅಲ್ಲಿಗೇ ಮುಗಿಯಿತು. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕತ್ತಿನ ತೊಗಲು ಎಳೆದು ಬಿಟ್ಟರೆ ತಟ್ಟನೆ ಕೂರಬೇಕು. ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟರೆ ಕರುಳಿನ ಗುಡುಗುಡು ಕೇಳಬೇಕು, ಅದು ನಿಂತಿದ್ದರೆ ಹೊಟ್ಟೆಶೂಲೆ ಬಾಗಿಲಲ್ಲಿದೆ ಎಂದೇ ಅರ್ಥ. ಕೊನೆಗೆ ಹಗ್ಗ ಹಿಡಿದು ಓಡಿಸಿ ಕುಂಟುತ್ತಿದೆಯೇ ಎಂದು ನೋಡುತ್ತಾರೆ.

ನನ್ನ ಮನಸ್ಸು ಹಿಡಿದದ್ದು ಇನ್ನೊಂದು ಸಂಗತಿ. ಅಂತರರಾಷ್ಟ್ರೀಯ ನಿಯಮದಂತೆ ನಡುದಾರಿಯ ತಪಾಸಣೆಗೆ ಕುದುರೆಯನ್ನು ಒಪ್ಪಿಸುವವರೆಗೂ ಗಡಿಯಾರ ಓಡುತ್ತಲೇ ಇರುತ್ತದೆ. ಬಡಿದು ಓಡಿಸಿಕೊಂಡು ಬಂದವನು ಕುದುರೆಯ ನಾಡಿ ಇಳಿಯಲೆಂದು ಕಾಯುತ್ತ ನಿಲ್ಲುತ್ತಾನೆ, ಹದವಾಗಿ ಬಂದವನು ಮುಂದೆ ಹೋಗುತ್ತಾನೆ. ಗೆರೆ ದಾಟಿದ ಮೇಲೂ ಪರೀಕ್ಷೆ ಉಂಟು. ಅದರಲ್ಲಿ ನಪಾಸಾದರೆ ಮೊದಲು ಬಂದದ್ದಕ್ಕೆ ಬೆಲೆಯಿಲ್ಲ. ನಮ್ಮಲ್ಲಿ ಗೆರೆ ದಾಟಿದ ಕೂಡಲೇ ಪಟಾಕಿ. ಆಮೇಲೆ ಕುದುರೆಯತ್ತ ಯಾರೂ ನೋಡುವುದಿಲ್ಲ.

ನಮ್ಮ ಶರ್ಯತ್ತು ಅಷ್ಟು ದೂರದ್ದಲ್ಲ, ನಿಜ. ಆದರೆ ಡಾಂಬರು ರಸ್ತೆ, ಏಪ್ರಿಲ್ ಬಿಸಿಲು, ಬೆನ್ನ ಹಿಂದೆ ಮೋಟರ್‌ಬೈಕುಗಳ ಹಾರ್ನು, ಚಾಬೂಕು. 1965ರ ಕೇಂದ್ರ ನಿಯಮಗಳ ಪ್ರಕಾರ ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಎಳೆಯಲು ಪ್ರಾಣಿಯನ್ನು ಹೂಡುವಂತಿಲ್ಲ. ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ನಮ್ಮ ರಾಜ್ಯ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನು ಎತ್ತಿಹಿಡಿಯಿತು. ಅದರಲ್ಲಿ ಕುದುರೆಯ ಹೆಸರಿಲ್ಲ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್ ಕುದುರೆಗೆ ಪಶುವೈದ್ಯರಿದ್ದಾರೆ. ಹಳ್ಳಿಯ ಟಾಂಗಾ ಕುದುರೆಗೆ?

ಸಚಿವರೇ, ಕುದುರೆಗಾಡಿ ಓಟವನ್ನು ಕಾನೂನಿನ ಯಾವ ಕಟ್ಟಿನಲ್ಲಿ ಇಡಬೇಕೆಂಬುದನ್ನು ಸರ್ಕಾರ ಬೇಗ ತೀರ್ಮಾನಿಸಲಿ. ಅಲ್ಲಿಯವರೆಗೆ ಪಶುವೈದ್ಯರಿಲ್ಲದ ಒಂದೇ ಒಂದು ಶರ್ಯತ್ತೂ ನಡೆಯದಂತೆ ಜಿಲ್ಲಾಡಳಿತಗಳಿಗೆ ಬರೆಯಿರಿ. ಓಟದ ಮುಂಚೆ ಒಮ್ಮೆ, ಮುಗಿದು ಅರ್ಧ ಗಂಟೆಗೆ ಇನ್ನೊಮ್ಮೆ ತಪಾಸಣೆ ಆಗಲಿ. ಎರಡನೆಯದರಲ್ಲಿ ಪಾಸಾದ ಕುದುರೆಗೇ ಬಹುಮಾನ. ನಮ್ಮ ಓಟಕ್ಕೆ ನಾಡಿಯ ಮಿತಿ ಎಷ್ಟಿರಬೇಕೆಂದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಹೇಳಲಿ, ಅದು ನನ್ನಂಥವನ ಕೆಲಸವಲ್ಲ. ವೈದ್ಯರನ್ನು ಮಾತ್ರ ಇಲಾಖೆಯೇ ಕಳಿಸಬೇಕು. ಜಾತ್ರೆ ಕಮಿಟಿ ಕರೆದು ಶಾಲು ಹೊದಿಸಿದ ವೈದ್ಯರು ಊರ ಮುಖಂಡರ ಕುದುರೆಯನ್ನು ನಪಾಸು ಮಾಡುವುದು ಕಷ್ಟ. ನಿಯಮ ಪುಸ್ತಕದಲ್ಲಿದ್ದರೆ ಸಾಲದು ಎಂಬುದಕ್ಕೆ ಸಾಕ್ಷಿ ಬೇಕೆಂದರೆ, ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2015ರಲ್ಲಿ ನಿಯಮ ಪಾಲಿಸಲಿಲ್ಲವೆಂದು ಯುಎಇಯ ಕುದುರೆ ಸವಾರಿ ಒಕ್ಕೂಟವನ್ನೇ ಅಮಾನತು ಮಾಡಬೇಕಾಯಿತು. 2018ರ ವಿಶ್ವ ಕುದುರೆ ಸವಾರಿ ಕ್ರೀಡಾಕೂಟದಲ್ಲಿ ಬಿಸಿಲು, ಸೆಕೆ ಮಿತಿಮೀರಿತೆಂದು ಎಂಡ್ಯೂರೆನ್ಸ್ ಓಟವನ್ನು ನಡುವೆಯೇ ನಿಲ್ಲಿಸಿದರು. ಅಷ್ಟು ದೊಡ್ಡ ಓಟ ನಿಲ್ಲಿಸಬಹುದಾದರೆ ನಮ್ಮ ಊರಿನದ್ದನ್ನು ಸಂಜೆಗೆ ಮುಂದೂಡಬಹುದು.

ಬೇಸಿಗೆಯ ಜಾತ್ರೆಗಳು ಶುರುವಾಗುವ ಮೊದಲು ನಿಮ್ಮ ಸುತ್ತೋಲೆ ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ಬಂದು ಮುಟ್ಟಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಟಾಂಗಾವಾಲಾನೊಬ್ಬನ ಮಗ