ಬಹುಮಾನದ ಸುದ್ದಿಯಲ್ಲಿ ಕೆಲಸ ಎಲ್ಲಿದೆ?

ಕಾರವಾರ

ಪ್ರೀತಿಯ ತಂಗೀ,

ನಿಮ್ಮ ಕಲಾಶಾಲೆಯ ಸುದ್ದಿಪತ್ರಕ್ಕೆ ನೀನು ಬರೆದ ಪುಟಗಳು ಬಂದವು. ನಿಧಾನವಾಗಿ ಕೂತು ಓದಿದೆ. ವಿದ್ಯಾರ್ಥಿಗಳು, ಸಿಬ್ಬಂದಿ, ಹಳೆ ವಿದ್ಯಾರ್ಥಿಗಳು, ಯಾರೂ ಬಿಟ್ಟುಹೋಗಬಾರದು ಅನ್ನುವ ನಿನ್ನ ಕಾಳಜಿ ಇಷ್ಟವಾಯಿತು. ಶಿರಸಿ ಕಡೆಯ ಹುಡುಗಿಯೊಬ್ಬಳು ಚಿತ್ರಕಲೆ ಓದುತ್ತೇನೆ ಅಂದರೆ ಮನೆಯಲ್ಲಿ ಇವತ್ತಿಗೂ "ಮುಂದೆ ಹೊಟ್ಟೆಪಾಡಿಗೆ ಏನು?" ಅಂತ ಕೇಳುತ್ತಾರೆ. ಆ ಮನೆಗೂ ನಿನ್ನ ಸುದ್ದಿಪತ್ರ ಹೋಗುತ್ತದೆ. ಹಾಗಾಗಿ ಈ ಕೆಲಸವನ್ನು ನಾನು ಸಣ್ಣದು ಅಂದುಕೊಂಡಿಲ್ಲ. ನೀನೂ ಅಂದುಕೊಳ್ಳಬೇಡ.

ನನ್ನ ತಕರಾರು ಒಂದೇ. ನಿನ್ನ ಪುಟಗಳಲ್ಲಿ ಬಹುಮಾನಗಳು ತುಂಬಿವೆ, ಅವರು ಮಾಡಿದ ಕೆಲಸ ಕಾಣುತ್ತಿಲ್ಲ.

ಮೊದಲ ಸುದ್ದಿಯನ್ನೇ ನೋಡು. "ನಮ್ಮ ವಿದ್ಯಾರ್ಥಿನಿ ರಾಜ್ಯಮಟ್ಟದ ಕಲಾ ಪ್ರದರ್ಶನದಲ್ಲಿ ಬಹುಮಾನ ಪಡೆದು ಸಂಸ್ಥೆಗೆ ಕೀರ್ತಿ ತಂದಿದ್ದಾಳೆ. ಆಡಳಿತ ಮಂಡಳಿ, ಪ್ರಾಚಾರ್ಯರು ಹಾಗೂ ಸಿಬ್ಬಂದಿ ವರ್ಗದವರು ಅಭಿನಂದಿಸಿದ್ದಾರೆ." ಅಭಿನಂದಿಸಿದವರೆಲ್ಲ ಬಂದರು. ಆ ಹುಡುಗಿ ಮಾಡಿದ್ದೇನು? ಫೋನಿನಲ್ಲಿ ನಾನು ಕೇಳಿದಾಗ ಪಟಪಟ ಹೇಳಿದೆ: ಅದು ವುಡ್‌ಕಟ್, ತದಡಿ ಬಂದರಿನಲ್ಲಿ ಬೆಳಗಿನ ಜಾವ ಮೀನು ಆರಿಸುತ್ತ ಕೂತ ಹೆಂಗಸರ ಚಿತ್ರ, ಅವಳ ಅಮ್ಮನೂ ಆ ಗುಂಪಿನಲ್ಲಿದ್ದಾಳೆ ಅಂತ. ಇಷ್ಟು ಒಳ್ಳೆ ಸುದ್ದಿ ಫೋನಿನಲ್ಲೇ ಉಳಿಯಿತಲ್ಲ!

ವುಡ್‌ಕಟ್ ಅಂದರೆ ಏನು ಅಂತ ನಿನಗೆ ಗೊತ್ತು, ನೀನು ಅಲ್ಲೇ ಕಲಿತವಳು. ತದಡಿಯ ಜನಕ್ಕೆ ಯಾರು ಹೇಳಬೇಕು? ಬಿಳಿಯಾಗಿ ಉಳಿಯಬೇಕಾದ ಜಾಗವನ್ನೆಲ್ಲ ಹಲಗೆಯಲ್ಲಿ ಕೆತ್ತಿ ತೆಗೆಯಬೇಕು. ಉಬ್ಬಿ ನಿಂತ ಭಾಗದ ಮೇಲೆ ರೋಲರ್‌ನಿಂದ ಶಾಯಿ ಹಚ್ಚಿ, ಕಾಗದ ಇಟ್ಟು ಒತ್ತಬೇಕು. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಹಾಗಾಗಿ ಹಲಗೆಯ ಮೇಲೆ ಚಿತ್ರವನ್ನು ತಿರುವುಮುರುವಾಗಿಯೇ ಬರೆದುಕೊಳ್ಳಬೇಕು. ಉಳಿ ಜಾರಿದರೆ ಆ ಗೆರೆ ಹೋದಂತೆಯೇ. ಅಚ್ಚಿನ ಕೆಳಗೆ ಪೆನ್ಸಿಲ್‌ನಲ್ಲಿ 3/10 ಅಂತ ಬರೆದಿದ್ದರೆ ಒಟ್ಟು ಹತ್ತು ಪ್ರತಿಗಳಲ್ಲಿ ಅದು ಮೂರನೆಯದು. ನಾಲ್ಕಾರು ಸಾಲಿನಲ್ಲಿ ಇದನ್ನು ಬರಿ. ಅಮ್ಮನ ಕೈ, ಬುಟ್ಟಿ, ಕತ್ತಲು ಹರಿಯುವ ಹೊತ್ತಿನ ಬೆಳಕು, ಇವನ್ನು ಅವಳು ಬರೀ ಕಪ್ಪು ಬಿಳುಪಿನಲ್ಲಿ ಹೇಗೆ ತಂದಳು ಅಂತ ಬರಿ. ಬಹುಮಾನದ ಹೆಸರಿಗೆ ಆಮೇಲೆ ಒಂದು ಸಾಲು ಸಾಕು. ಅಭಿನಂದಿಸಿದವರ ಪಟ್ಟಿ ಬೇಡವೇ ಬೇಡ.

ದೊಡ್ಡ ಕಲಾವಿದರ ವಿಷಯದಲ್ಲೂ ಹೀಗೇ. 2012ರಲ್ಲಿ ನಮ್ಮ ಹೊನ್ನಾವರ ಸೀಮೆಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂತು. ಎಲ್ಲರಿಗೂ ಖುಷಿಯಾಯಿತು, ಆಗಲೇಬೇಕಿತ್ತು. ಆದರೆ ಈಗ ಅವರ ಮಾತು ಬಂದಾಗ ಜನ ನೆನೆಯುವುದು ಅವರ ಭಸ್ಮಾಸುರನನ್ನು, ಕೀಚಕನನ್ನು. ಯಾವ ಪದ್ಯಕ್ಕೆ ಹೇಗೆ ಕುಣಿದರು, ಕಣ್ಣು ಹೇಗೆ ಆಡಿಸಿದರು ಅಂತ ಎದ್ದು ನಿಂತು ತೋರಿಸುವವರಿದ್ದಾರೆ. ಪ್ರಶಸ್ತಿ ಯಾವ ವರ್ಷ ಬಂತು ಅಂತ ಕೇಳಿದರೆ ತಡವರಿಸುತ್ತಾರೆ.

ಹಾಗಂತ ಪ್ರಶಸ್ತಿಯ ವಿವರ ಹೇಗೋ ಬರೆದರಾಯಿತು ಅಂತಲ್ಲ. ನಿನ್ನ ಪುಟದಲ್ಲಿ ಎಲ್ಲಕ್ಕೂ "ಅಕಾಡೆಮಿ ಪ್ರಶಸ್ತಿ" ಅಂತಿದೆ. ದೆಹಲಿಯ ಲಲಿತ ಕಲಾ ಅಕಾಡೆಮಿ ಬೇರೆ, ಬೆಂಗಳೂರಿನ ಕರ್ನಾಟಕ ಲಲಿತಕಲಾ ಅಕಾಡೆಮಿ ಬೇರೆ, ಶಿಲ್ಪಕಲಾ ಅಕಾಡೆಮಿ ಮತ್ತೊಂದು. ವಾರ್ಷಿಕ ಪ್ರದರ್ಶನದ ಬಹುಮಾನವೂ ಹಿರಿಯರಿಗೆ ಕೊಡುವ ಗೌರವ ಪ್ರಶಸ್ತಿಯೂ ಒಂದೇ ಅಲ್ಲ. ಪ್ರದರ್ಶನಕ್ಕೆ ಆಯ್ಕೆಯಾಗಿದ್ದರೆ ಆಯ್ಕೆ ಅಂತಲೇ ಬರಿ, ಅದೇನು ಕಡಿಮೆಯಲ್ಲ. ಏಕವ್ಯಕ್ತಿ ಪ್ರದರ್ಶನವೋ, ಗುಂಪು ಪ್ರದರ್ಶನವೋ ಕೇಳು. ಕ್ಯಾಟಲಾಗ್ ತರಿಸಿಕೊಂಡು ನೋಡು. ಹಣ ಕಟ್ಟಿಸಿಕೊಂಡು "ಅಂತರರಾಷ್ಟ್ರೀಯ" ಪ್ರಶಸ್ತಿ ಕೊಡುವವರು ಈಗ ಜಾಸ್ತಿ. ಅಂಥದ್ದನ್ನು ಹಾಕಬೇಡ, ಯಾರು ಬೇಜಾರು ಮಾಡಿಕೊಂಡರೂ ಸರಿ. ಅದರ ಪಕ್ಕದಲ್ಲೇ ನಿಜವಾಗಿ ಗೆದ್ದವಳ ಹೆಸರು ಬಂದರೆ ಅವಳಿಗೆ ಅನ್ಯಾಯ ಅಲ್ವಾ?

ಹೆಸರುಗಳನ್ನೂ ಕೇಳಿಯೇ ಬರಿ. ನಮ್ಮ ಜಿಲ್ಲೆಯಲ್ಲಿ ನಾಯ್ಕ ಬೇರೆ, ನಾಯಕ ಬೇರೆ. ಭಟ್ಟರನ್ನು ಭಟ್ ಮಾಡಬೇಡ, ಹೆಗಡೆಯವರನ್ನು ಹೆಗ್ಡೆ ಮಾಡಬೇಡ.

ಫೋಟೋ ಬಗ್ಗೆ ಒಂದು ಮಾತು. ಶಾಲು, ಹಾರ, ಫಲಕದ ಫೋಟೋಗಳನ್ನೇ ಕಳಿಸಿದ್ದೀಯಾ. ಚಿತ್ರದ್ದೇ ಫೋಟೋ ಬೇಕು. ಹಗಲು ಬೆಳಕಿನಲ್ಲಿ, ನೇರ ಎದುರಿಗೆ ನಿಂತು, ಫ್ಲ್ಯಾಶ್ ಇಲ್ಲದೆ ತೆಗೆ. ಫ್ಲ್ಯಾಶ್ ಬಿದ್ದರೆ ತೈಲವರ್ಣ ಹೊಳೆದು ಬಣ್ಣವೇ ಕಾಣುವುದಿಲ್ಲ. ಕೆಳಗೆ ಮಾಧ್ಯಮ, ಅಳತೆ, ವರ್ಷ ಹಾಕು.

ಸಿಬ್ಬಂದಿಯ ಪುಟದಲ್ಲಿ ಪಿಎಚ್‌ಡಿ, ಬಡ್ತಿ, ನಿವೃತ್ತಿ ಬಿಟ್ಟರೆ ಬೇರೆ ಏನೂ ಇಲ್ಲ. ಲೈಫ್ ಸ್ಟಡಿ ತರಗತಿಗೆ ವರ್ಷಗಟ್ಟಲೆ ಮಾಡೆಲ್ ಆಗಿ ಕೂತ ಅಟೆಂಡರ್ ವಿಷಯ ನೀನೇ ನನಗೆ ಹೇಳಿದ್ದೆ. ನಿಮ್ಮಲ್ಲಿ ಕಲಿತವರೆಲ್ಲ ಮನುಷ್ಯರ ಭುಜ, ಬೆನ್ನು, ಕುತ್ತಿಗೆ ಬರೆಯೋದನ್ನು ಕಲಿತಿದ್ದು ಅವರನ್ನು ನೋಡಿಯೇ. ಅಲ್ಲಾಡದೆ ಕೂರುವುದು ಎಂಥ ಕಷ್ಟ ಅಂತ ಅವರನ್ನೇ ಕೇಳು. ಹಳೆ ಸ್ಕೆಚ್ ಪುಸ್ತಕಗಳಲ್ಲಿ ಅವರ ಮುಖ ಹುಡುಕಿ ಒಂದು ಪುಟ ಮಾಡು.

ಈಗ ಹಳೆ ವಿದ್ಯಾರ್ಥಿಗಳಿಗೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕಾಗಿದೆ.

ಒಬ್ಬ ಹಳೆ ವಿದ್ಯಾರ್ಥಿ ಕಾವಿ ಕಲೆ ಕಲಿತು ಗೋಡೆಗಳ ಮೇಲೆ ಕೆಲಸ ಮಾಡುತ್ತಿದ್ದಾನೆ ಅಂತ ಒಂದೂವರೆ ಸಾಲು ಬರೆದಿದ್ದೀಯಾ. ಅವನಿಗೆ ಇಡೀ ಪುಟ ಕೊಡು. ಗೋಡೆಗೆ ಚಿಪ್ಪಿ ಸುಣ್ಣದ ಗಾರೆ ಹಚ್ಚಿ, ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ಪದರ ಕೊಟ್ಟು, ಅದು ಹಸಿ ಇರುವಾಗಲೇ ಮೊನಚಾದ ಕಡ್ಡಿಯಿಂದ ಕೆರೆದು ಕೆಳಗಿನ ಬಿಳಿ ತೋರಿಸುವುದು ಕಾವಿ. ಕೆಂಪು, ಬಿಳಿ ಎರಡೇ ಬಣ್ಣ. ಗೋಡೆ ಒಣಗುವುದರೊಳಗೆ ಮುಗಿಸಬೇಕು. ನಿನ್ನೂರು ಶಿರಸಿಯ ಮಾರಿಕಾಂಬೆಯ ಗುಡಿಯಲ್ಲೇ ಕಾವಿ ಚಿತ್ರಗಳಿವೆ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಬರುವ ಅಷ್ಟು ಜನರಲ್ಲಿ ಅದನ್ನು ನಿಂತು ನೋಡುವವರು ಎಷ್ಟು ಮಂದಿ? ಗೋವೆಯಿಂದ ಹಿಡಿದು ನಮ್ಮ ಕರಾವಳಿಯ ಉದ್ದಕ್ಕೂ ಗುಡಿಗಳಲ್ಲಿ ಈ ಕೆಲಸ ಇತ್ತು. ಜೀರ್ಣೋದ್ಧಾರ ಅಂತ ಗೋಡೆ ಕೆಡವಿದರು, ಟೈಲ್ಸ್ ಹಾಕಿದರು, ಆಯಿಲ್ ಪೇಂಟ್ ಬಳಿದರು. ಹೊನ್ನಾವರದಲ್ಲಿ ಹುಟ್ಟಿದ ವಿಜ್ಞಾನಿ ಕೃಷ್ಣಾನಂದ ಕಾಮತರು ಊರೂರು ತಿರುಗಿ ಫೋಟೋ ತೆಗೆದು ಬರೆದಿಟ್ಟಿದ್ದರಿಂದ ಎಷ್ಟೋ ಚಿತ್ರಗಳು ಇವತ್ತು ನಮಗೆ ನೋಡಲು ಸಿಗುತ್ತವೆ. ಆದರೆ ಹಳೆಯ ಗೋಡೆಗಳನ್ನು ಗೀಚಿದ ಕಲಾವಿದರ ಹೆಸರು ಹೆಚ್ಚಿನ ಕಡೆ ಇಲ್ಲ. ಅವರು ಎಲ್ಲಿಯವರು, ಯಾರ ಹತ್ತಿರ ಕಲಿತರು, ಏನು ಕೂಲಿ ಸಿಕ್ಕಿತು, ಯಾರೂ ಬರೆದಿಡಲಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ. ಈ ಹುಡುಗನ ವಿಷಯದಲ್ಲಿ ಹಾಗಾಗಬಾರದು. ಸುಣ್ಣ ಎಲ್ಲಿಂದ ತರುತ್ತಾನೆ, ಎಷ್ಟು ದಿನ ಕೊಳೆಸುತ್ತಾನೆ, ಮಳೆಗಾಲದಲ್ಲಿ ಏನು ಮಾಡುತ್ತಾನೆ, ಎಲ್ಲ ಕೇಳಿ ಬರಿ.

ಇನ್ನೊಬ್ಬ, ಕುಮಟೆಯ ಗುಡಿಗಾರರ ಮನೆಯ ಹುಡುಗ. ಅವನಿಗೆ ಪ್ರಶಸ್ತಿ ಬಂದಿಲ್ಲ ಅಂತ ಬಿಟ್ಟಿದ್ದೀಯಾ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಹೆಸರು ಮಾಡಿದವರು ಪಟ್ಟಿಯಲ್ಲಿದ್ದಾರೆ, ಓದು ಮುಗಿಸಿ ಅಪ್ಪನ ಪಕ್ಕದಲ್ಲೇ ಉಳಿ ಹಿಡಿದು ಕೂತವನು ಇಲ್ಲ. ಶ್ರೀಗಂಧದ ಕೆತ್ತನೆಗೆ ಹೆಸರಾದ ಮನೆತನಗಳು ಅವು. ಗಂಧ ಸಿಗುವುದೇ ಕಷ್ಟವಾಗಿ ಈಗ ಶಿವಣೆ ಮರದಲ್ಲಿ ಕೆಲಸ ಮಾಡುತ್ತಾರೆ. ಮದುವೆಯ ಬಾಸಿಂಗ, ಬೆಂಡಿನ ಕೆಲಸ, ಚೌತಿಗೆ ಮಣ್ಣಿನ ಗಣಪತಿ, ಎಲ್ಲವೂ ಅವರ ಕೈಯದ್ದೇ. ನಿಮ್ಮ ಶಾಲೆಯಲ್ಲಿ ಅವನು ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಕಲಿತ. ಮನೆಯಲ್ಲಿ ಅಪ್ಪ ತಾಳಮಾನದ ಲೆಕ್ಕ, ಅಂದರೆ ಮೂರ್ತಿಯ ಅಂಗಾಂಗಗಳಿಗೆ ಶಾಸ್ತ್ರ ಹೇಳುವ ಅಳತೆ, ಇಟ್ಟುಕೊಂಡು ಮೂರ್ತಿ ಮಾಡುತ್ತಾರೆ. ಈ ಎರಡೂ ಅವನ ಕೈಯಲ್ಲಿ ಹೇಗೆ ಕೂಡುತ್ತವೆ? ದೇವರ ಮುಖ ಮಾಡುವಾಗ ಯಾವುದು ಮೇಲಾಗುತ್ತದೆ? ಅಪ್ಪನಿಗೂ ಮಗನಿಗೂ ಜಗಳ ಆಗಿದ್ದುಂಟಾ? ಕಲಾಶಾಲೆ ಅನ್ನುವುದು ನಮ್ಮ ಕಡೆ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸುದ್ದಿ ನಿನಗೆ ಸಿಗಲಾರದು.

ಫೋನಿನಲ್ಲಿ ಕೇಳಿದರೆ ಅವನು "ಎಲ್ಲ ಚೆನ್ನಾಗಿದೆ" ಅಂತ ಹೇಳಿ ಮುಗಿಸುತ್ತಾನೆ. ಹೋಗಿ ಕೂರಬೇಕು. ಕೆಲಸ ನಡೆಯುತ್ತಿರುವಾಗ ಸುಮ್ನೆ ನೋಡುತ್ತಿರು, ಕೈಗೆ ವಿರಾಮ ಸಿಕ್ಕಾಗ ಕೇಳು. ಚೌತಿ ಹತ್ತಿರ ಬಂತು ಅಂದರೆ ಅವರಿಗೆ ಪುರಸೊತ್ತೇ ಇರುವುದಿಲ್ಲ, ಹಾಗಾಗಿ ಈ ವಾರವೇ ಕುಮಟೆಗೆ ಹೋಗಿ ಬಾ. ಬರೆದದ್ದನ್ನು ಪ್ರೆಸ್ಸಿಗೆ ಕೊಡುವ ಮುಂಚೆ ನನಗೆ ಕಳಿಸು. ವುಡ್‌ಕಟ್ ಹುಡುಗಿಯ ಸುದ್ದಿಯನ್ನೂ ತಿದ್ದಿ ಜೊತೆಗೇ ಇಡು.

ನಿನ್ನ
ಅಕ್ಕ