ಲಿಯೋನ್‌ಗೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಫ್ರಾನ್ಸ್‌ಗೆ ಹೊರಟವರು ಪ್ಯಾರಿಸ್ ಒಂದನ್ನೇ ನೋಡಿ ವಾಪಸಾಗಬೇಡಿ. ಲಿಯೋನ್‌ಗೆ ಎರಡು ದಿನವಾದರೂ ಇಡಿ, ದಯವಿಟ್ಟು.

ಮೊದಲು ಕ್ರುವಾ-ರೂಸ್ ಗುಡ್ಡ, ಹಿಂದೆ ರೇಷ್ಮೆ ನೇಕಾರರಿದ್ದ ಬಡಾವಣೆ. ಮೆಟ್ರೋ ಸಿ ಲೈನ್‌ನಲ್ಲಿ ಎನೋನ್ ನಿಲ್ದಾಣದಲ್ಲಿ ಇಳಿದರೆ ‘ನೇಕಾರರ ಗೋಡೆ’ ಎಂಬ ದೊಡ್ಡ ಭಿತ್ತಿಚಿತ್ರ ಹತ್ತಿರದಲ್ಲೇ ಇದೆ. ಸುಮಾರು 1,200 ಚದರ ಮೀಟರ್ ಚಿತ್ರ. ಮೆಟ್ಟಿಲು, ಬಾಲ್ಕನಿ, ಅಂಗಡಿ ಎಲ್ಲವೂ ಬರೀ ಬಣ್ಣ, ಆದರೂ ಹತ್ತಿ ಹೋಗೋಣ ಅನ್ನಿಸುತ್ತದೆ. 1987ರಲ್ಲಿ ಬರೆದದ್ದನ್ನು 1997 ಮತ್ತು 2013ರಲ್ಲಿ ಪರಿಷ್ಕರಿಸಿದ್ದಾರೆ. ಬಡಾವಣೆ ಬದಲಾದಂತೆ ಗೋಡೆಯೂ ಬದಲಾಗಿದೆ, ಚಿತ್ರದೊಳಗಿನ ಜನಕ್ಕೂ ವಯಸ್ಸಾಗಿದೆ! ನನಗೆ ಅತಿ ಇಷ್ಟವಾದದ್ದು ಇದೇ.

ಅಲ್ಲಿನ ನಿಜವಾದ ಮನೆಗಳನ್ನೂ ತಲೆಯೆತ್ತಿ ನೋಡಿ. ಎತ್ತರದ ಕಿಟಕಿ, ಎತ್ತರದ ಚಾವಣಿ. ಬಟ್ಟೆಯಲ್ಲಿ ವಿನ್ಯಾಸ ನೇಯುವ ಎತ್ತರದ ಜಕಾರ್ಡ್ ಮಗ್ಗ ಒಳಗೆ ಹಿಡಿಸಲೆಂದೇ ಹಾಗೆ ಕಟ್ಟಿದ್ದು. ನಮ್ಮ ರೇಷ್ಮೆ ನೇಕಾರರಿಗೂ ಗೊತ್ತಿರುವ ಆ ಮಗ್ಗವನ್ನು ರೂಪಿಸಿದ ಜಕಾರ್ಡ್ ಲಿಯೋನ್‌ನವನೇ.

ಸೋನ್ ನದಿ ದಂಡೆಯ ಇನ್ನೊಂದು ಗೋಡೆಯಲ್ಲಿ ಸಿನಿಮಾದ ಆದ್ಯರಾದ ಲೂಮಿಯೇರ್ ಸಹೋದರರು ಸೇರಿ ಊರಿನ ಹೆಸರಾಂತರು ಬಾಲ್ಕನಿಗಳಲ್ಲಿ ನಿಂತಿದ್ದಾರೆ. ವಾಸ್ತುಶಿಲ್ಪಿ ಟೋನಿ ಗಾರ್ನಿಯೇ ವಿನ್ಯಾಸ ಮಾಡಿದ ವಸತಿ ಬಡಾವಣೆಗೂ ಹೋಗಿ. ಅಲ್ಲಿನ ಗೋಡೆಗಳಲ್ಲಿ ಭಾರತದ ವಾರ್ಲಿ ಕಲಾವಿದರ ಕೆಲಸವೂ ಇದೆ.

ಹಳೇ ಲಿಯೋನ್‌ನಲ್ಲಿ ಕಟ್ಟಡಗಳ ಒಳಗಿಂದಲೇ ಹಾಯುವ ಟ್ರಾಬೂಲ್ ಓಣಿಗಳಿವೆ. ಒಳಗೆ ಜನ ವಾಸವಿದ್ದಾರೆ, ಮೆಲ್ಲಗೆ ಮಾತಾಡಿ. ಮಕ್ಕಳಿಗೂ ಮೊದಲೇ ಹೇಳಿಡಿ.

ಹೋಗುವವರು ತಾರೀಕು ಇಲ್ಲೇ ಹಾಕಿ, ನಡೆದಾಡುವ ದಾರಿಯ ನಕ್ಷೆ ಕಳಿಸುತ್ತೇನೆ.