ಮಗಳಿಗೊಂದು ಪತ್ರ: ‘ಇನ್ನೂ ನೋಡ್ತಾ ಇದ್ದೇನೆ’ ಅನ್ನಬಹುದು

ಗೋಣಿಕೊಪ್ಪ

ಪ್ರೀತಿಯ ಮಗಳೇ,

ಮೈಸೂರಿನ ಹಾಸ್ಟೆಲಿನಿಂದ ನೀನು ಕಳಿಸಿದ ಮೆಸೇಜಿನಲ್ಲಿ ಎರಡು ಮಾತು ಒಟ್ಟಿಗೇ ಇದ್ದವು: ‘ತಲೆ ಕೆಟ್ಟುಹೋಗಿದೆ’, ‘ನಾನು ಯಾರು ಅಂತಲೇ ಗೊತ್ತಾಗ್ತಿಲ್ಲ’. ಎರಡನ್ನೂ ಬಿಡಿಸಿ ನೋಡು. ಎರಡನೆಯದು ನಿನ್ನ ವಯಸ್ಸಿನ ಕೆಲಸ, ಅದು ಕಾಯಿಲೆಯಲ್ಲ. ಮೊದಲನೆಯದು ಒತ್ತಡ. ಅದನ್ನು ಇಳಿಸದೆ ಎರಡನೆಯದಕ್ಕೆ ಕೈಹಾಕಿದರೆ ಅವಸರದ ಉತ್ತರವೇ ಸಿಗುತ್ತದೆ.

ತಾನು ಯಾರೆಂದು ಕಂಡುಕೊಳ್ಳುವುದೇ ಹದಿಹರೆಯದ ಮುಖ್ಯ ಕೆಲಸ ಎಂದು ಮನೋವಿಜ್ಞಾನಿ ಎರಿಕ್ ಎರಿಕ್ಸನ್ 1950ರಲ್ಲೇ ಬರೆದರು. 1966ರಲ್ಲಿ ಜೇಮ್ಸ್ ಮಾರ್ಸಿಯಾ ಎರಡು ಪ್ರಶ್ನೆ ಇಟ್ಟುಕೊಂಡು ಅದನ್ನು ಅಳೆಯಲು ಹೊರಟರು: ಹುಡುಕಿದ್ದೀಯಾ? ನಿರ್ಧರಿಸಿದ್ದೀಯಾ? ಕೆಲವರು ಎರಡೂ ಮಾಡದೆ ತೇಲುತ್ತಾರೆ. ಕೆಲವರು ಹುಡುಕದೆಯೇ ಮನೆಯವರು ಕೊಟ್ಟ ಉತ್ತರ ಹಿಡಿದುಬಿಡುತ್ತಾರೆ. ಕೆಲವರು ಹುಡುಕುತ್ತಲೇ ಇರುತ್ತಾರೆ, ಇನ್ನು ಕೆಲವರು ಹುಡುಕಿ ನಿರ್ಧರಿಸಿರುತ್ತಾರೆ. ಆತಂಕ ಹೆಚ್ಚು ಕಂಡದ್ದು ಹುಡುಕುತ್ತಿರುವವರಲ್ಲಿ, ಅಂದರೆ ನಿನ್ನಂಥವರಲ್ಲಿ. ಕಡಿಮೆ ಕಂಡದ್ದು ಸಿದ್ಧ ಉತ್ತರ ಹಿಡಿದವರಲ್ಲಿ. ಕೊಡಗಿನಲ್ಲಿ ಸಿದ್ಧ ಉತ್ತರಗಳಿಗೇನೂ ಬರವಿಲ್ಲ: ಮಿಲಿಟರಿ, ಹಾಕಿ, ತೋಟ, ಈಗ ನೀಟ್. ಅವುಗಳಲ್ಲೊಂದನ್ನು ಬೇಗ ಹಿಡಿದ ಗೆಳತಿ ನಿರಾಳವಾಗಿ ಕಂಡರೆ, ನಿನ್ನಲ್ಲೇ ಏನೋ ಕೊರತೆಯಿದೆ ಅಂದುಕೊಳ್ಳಬೇಡ.

ಪರೀಕ್ಷೆಗೆ ಮುಂಚೆ ಎದೆ ಡವಡವ ಹೊಡೆದುಕೊಂಡು, ಮುಗಿದ ಮೇಲೆ ತಣ್ಣಗಾದರೆ ತೊಂದರೆಯಿಲ್ಲ. ಅಡ್ರಿನಲ್ ಗ್ರಂಥಿ ಬಿಡುವ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಬೆಳಿಗ್ಗೆ ಏರಿ ರಾತ್ರಿ ಇಳಿಯಬೇಕು. ಒತ್ತಡ ವಾರಗಟ್ಟಲೆ ಬಿಡದೆ ಕೂತರೆ ಈ ಏರಿಳಿತ ಕೆಡುತ್ತದೆ, ನಿದ್ದೆಯೂ ಕೆಡುತ್ತದೆ. ಮುಂದಾಲೋಚನೆ ಮಾಡುವ, ಅದೋ ಇದೋ ಎಂದು ತೂಗಿನೋಡುವ ಭಾಗ ಇರುವುದು ಮಿದುಳಿನಲ್ಲಿ ಹಣೆಯ ಹಿಂದೆ. ಅದು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ, ಒತ್ತಡದಲ್ಲಿ ಬೇಗ ಸೋಲುವುದೂ ಅದೇ. ಆಗ ಯಾರೋ ಹೇಳಿದ್ದಕ್ಕೆ ಹೂಂ ಅಂದುಬಿಡುತ್ತೇವೆ, ಇಲ್ಲವೇ ‘ಏನಾದರೂ ಆಗಲಿ’ ಅಂತ ಕೈಚೆಲ್ಲುತ್ತೇವೆ. ಟೆಸ್ಟಿನಲ್ಲಿ ಮಾರ್ಕು ಕಡಿಮೆ ಬಂದ ವಾರವೇ ಕಾಂಬಿನೇಷನ್ ಬದಲಿಸುವ ಮಾತು ಬೇಡ ಅನ್ನುವುದು ಇದಕ್ಕೇ.

ನಿನಗೆ ಬೇಕಾದ ನಿದ್ದೆ 8ರಿಂದ 10 ಗಂಟೆ. ಈ ವಯಸ್ಸಿನಲ್ಲಿ ನಿದ್ದೆಯ ಹಾರ್ಮೋನು ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಹಾಗಾಗಿ ಬೇಗ ಕಣ್ಣು ಎಳೆಯದಿದ್ದರೆ ಅದು ನಿನ್ನ ತಪ್ಪಲ್ಲ. ಹನ್ನೊಂದಕ್ಕೆ ಮಲಗಿ ಐದರ ಬೆಲ್ಲಿಗೆ ಎದ್ದರೆ ಸಿಗುವುದು ಬರೀ 6. ವಾರ್ಡನ್ ಹತ್ತಿರ ಮಾತಾಡಿ ಆರಕ್ಕೆ ಏಳುವಂತೆ ಕೇಳೋಣ, ಅದು ನನ್ನ ಕೆಲಸ. ಕಾಫಿ ಮಾತ್ರ ನಿನ್ನ ಕೈಯಲ್ಲಿದೆ. ಮನೆಯಿಂದ ಒಯ್ದ ಪುಡಿ ರೊಬಸ್ಟಾ. ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಸಂಜೆ ಆರಕ್ಕೆ ಕುಡಿದರೆ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ, ಅದು ತರುವ ಎದೆಬಡಿತವನ್ನು ಭಯ ಅಂತಲೇ ತಿಳಿಯುತ್ತೀಯ. ಬೆಳಿಗ್ಗೆ ಒಂದು ಲೋಟ ಸಾಕು. ಮಧ್ಯಾಹ್ನ ಎರಡರ ಮೇಲೆ ಬೇಡವೇ ಬೇಡ.

ಇನ್ನು ಹುಡುಕುವುದರ ವಿಷಯ. ಹುಡುಕುವುದು ಬೇರೆ, ಕೊರಗುವುದು ಬೇರೆ. ಒಂದೇ ಪ್ರಶ್ನೆ ಹತ್ತು ನಿಮಿಷದ ಮೇಲೂ ಇದ್ದಲ್ಲೇ ಸುತ್ತುತ್ತಿದ್ದರೆ ಅದು ಕೊರಗು. ‘ನಾನ್ಯಾಕೆ ಹೀಗೆ?’ ಅನ್ನುವ ಪ್ರಶ್ನೆಗೆ ಕೊನೆಯೇ ಇರುವುದಿಲ್ಲ. ಅದನ್ನು ‘ಯಾರನ್ನು ಕೇಳಲಿ, ಯಾವಾಗ?’ ಅಂತ ತಿರುಗಿಸಿಕೋ. ಫಾರೆಸ್ಟ್ರಿ ಓದೋಣವೇ ಅಂತ ಕೇಳಿದ್ದೆಯಲ್ಲ, ಪೊನ್ನಂಪೇಟೆಯ ಅರಣ್ಯ ಕಾಲೇಜು ನಮಗೆ ದೂರವೇನಲ್ಲ. ರಜೆಯಲ್ಲಿ ಒಂದು ದಿನ ಹೋಗಿ, ಅಲ್ಲಿ ಓದುತ್ತಿರುವ ಹುಡುಗಿಯೊಬ್ಬಳನ್ನು ಮೂರು ವಿಷಯ ಕೇಳು: ದಿನ ಹೇಗೆ ಕಳೆಯುತ್ತದೆ, ಯಾವ ವಿಷಯ ಬೇಸರ, ಮುಗಿಸಿದವರು ಎಲ್ಲಿ ಕೆಲಸಕ್ಕಿದ್ದಾರೆ. ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಯೋಚಿಸಿದರೂ ಸಿಗದ್ದು ಆ ಒಂದು ಗಂಟೆಯಲ್ಲಿ ಸಿಗುತ್ತದೆ. ಚಿಂತೆಗೂ ಹೊತ್ತು ಗೊತ್ತುಮಾಡು: ಸಂಜೆ ಆರಕ್ಕೆ, ಇಪ್ಪತ್ತು ನಿಮಿಷ, ನೋಟ್‌ಬುಕ್ಕಿನೊಂದಿಗೆ. ರಾತ್ರಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದು ಮರುದಿನದ ಆರಕ್ಕೆ ತಳ್ಳು. ಅಷ್ಟಕ್ಕೂ ಮನಸ್ಸು ಬಿಡದಿದ್ದರೆ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ನಿಮಿಷ.

ಮನೆಯಲ್ಲಿ ಕೊಡವ ತಕ್ಕ್, ಪೇಟೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಮೂರು ಕಡೆ ಮೂರು ಥರ ಇರುತ್ತೇನೆ, ಯಾವುದು ನಿಜ ಅಂತ ನೀನು ಬರೆದಿದ್ದೆ. ಮೂರೂ ನಿಜವೇ. ಹೀಗೆ ತನ್ನೊಳಗೇ ಹೊಂದಾಣಿಕೆಯಾಗುತ್ತಿಲ್ಲ ಅನ್ನುವ ಸಂಕಟ 14-15ರ ಸುಮಾರಿಗೆ ಜೋರಾಗಿರುತ್ತದೆ, ಹುಡುಗಿಯರಲ್ಲಿ ಇನ್ನೂ ಹೆಚ್ಚು, ಆಮೇಲೆ ಇಳಿಯುತ್ತದೆ ಎಂದು ಮನೋವಿಜ್ಞಾನಿ ಸೂಸನ್ ಹಾರ್ಟರ್ ಅವರ ಅಧ್ಯಯನಗಳು ತೋರಿಸಿವೆ. ಯಾವುದನ್ನೂ ಕತ್ತರಿಸಿ ಹಾಕಬೇಡ. ಕಾಫಿಗೆ ರೇಟು ಬಿದ್ದ ವರ್ಷ ಕರಿಮೆಣಸು ಕೈಹಿಡಿಯುವ ಹಾಗೆ, ಫಿಸಿಕ್ಸಿನಲ್ಲಿ ಮಾರ್ಕು ಬಿದ್ದ ದಿನ ಹಾಕಿ ಗ್ರೌಂಡಿನ ನೀನು ನಿನ್ನನ್ನು ಹಿಡಿದು ನಿಲ್ಲಿಸುತ್ತೀಯ. ಪಿಯುಸಿ ಅಂತ ಹಾಕಿ ಸ್ಟಿಕ್ಕನ್ನು ಮೂಲೆಗಿಡುವುದು ನನಗೆ ಒಪ್ಪಿಗೆಯಿಲ್ಲ. ವಾರಕ್ಕೆ ಎರಡು ಸಂಜೆಯಾದರೂ ಆಡು.

ಪರೀಕ್ಷೆಯ ಹಿಂದಿನ ದಿನ ಇನ್ನೊಂದು ಕೆಲಸ ಮಾಡು. ನಿನಗೆ ಮುಖ್ಯವಾದದ್ದೊಂದನ್ನು ಆರಿಸಿಕೋ: ಗೆಳೆತನ, ಅಜ್ಜಿ, ಆಟ, ಯಾವುದಾದರೂ. ಅದು ಯಾಕೆ ಮುಖ್ಯ ಅಂತ ಹತ್ತು ಹದಿನೈದು ನಿಮಿಷ ಬರೆ. 2005ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಹೀಗೆ ತಮಗೆ ಮುಖ್ಯವಾದ ಮೌಲ್ಯವನ್ನು ನೆನೆದುಕೊಂಡು ಒತ್ತಡದ ಪರೀಕ್ಷೆಗೆ ಕೂತ ವಿದ್ಯಾರ್ಥಿಗಳಲ್ಲಿ ಕಾರ್ಟಿಸೋಲ್ ಕಡಿಮೆ ಏರಿತ್ತು. ಅಕ್ಷರ, ವ್ಯಾಕರಣ ನೋಡಬೇಡ. ಯಾರಿಗೂ ತೋರಿಸಬೇಕಾಗಿಲ್ಲ, ನನಗೂ.

ಎರಡು ವಾರ ದಿನವೂ ಮನಸ್ಸು ಕುಗ್ಗಿಯೇ ಇದ್ದರೆ, ಊಟ ಸೇರದಿದ್ದರೆ, ಹಾಕಿಯೂ ಬೇಡ ಅನ್ನಿಸಿದರೆ ನನಗೆ ಹೇಳು, ಡಾಕ್ಟರ ಹತ್ತಿರ ಹೋಗೋಣ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ನಡುರಾತ್ರಿಯಾದರೂ ಫೋನ್ ಮಾಡು. ನನಗೆ ಹೇಳಲಾಗದಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ಈಗಲೇ ಸೇವ್ ಮಾಡಿಕೋ.

ಹುತ್ತರಿ ಹಬ್ಬಕ್ಕೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರುತ್ತಾರೆ. ‘ಮುಂದೇನು ಮಾಡ್ತೀಯ?’ ಅಂತ ಹತ್ತು ಜನ ಕೇಳುತ್ತಾರೆ. ‘ಇನ್ನೂ ನೋಡ್ತಾ ಇದ್ದೇನೆ’ ಅನ್ನು, ಸಾಕು. ಅದರ ಮೇಲೂ ಕೇಳಿದವರಿಗೆ ಅಪ್ಪನೋ ನಾನೋ ಉತ್ತರ ಕೊಡುತ್ತೇವೆ.

ನಿನ್ನ ಅವ್ವ